ಕೋರ್ಟಿನ 8 ತಿಂಗಳು, ಇಲಾಖೆಯ 14 ತಿಂಗಳು

ಪ್ರಶ್ನೆ: ನಾನು ಮೆಲ್ಬರ್ನ್‌ನ ಬೇಕರಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಜೊತೆಗಿದ್ದ ಶ್ರೀಲಂಕಾ ತಮಿಳರೊಬ್ಬರು ನಿರಾಶ್ರಿತರಾಗಿ ಬಂದು ಪ್ರೊಟೆಕ್ಷನ್ ವೀಸಾ ಪಡೆದವರು. ಕುಡಿದು ಹೊಡೆದಾಡಿದ ಎರಡು ಕೇಸಿನಲ್ಲಿ ಅವರಿಗೆ 8 ತಿಂಗಳು ಮತ್ತು 6 ತಿಂಗಳು ಜೈಲಾಗಿದೆ. ಎರಡೂ ಒಟ್ಟಿಗೇ ನಡೆಯುವುದರಿಂದ 8 ತಿಂಗಳಿಗೆ ಬಿಡುಗಡೆ. ಆದರೆ ಜೈಲಿಗೇ ವೀಸಾ ರದ್ದಾದ ಕಾಗದ ಬಂದಿದೆ. ಶಿಕ್ಷೆ ವರ್ಷ ತುಂಬಿದರೆ ತಾನೇ ವೀಸಾ ಹೋಗುವುದು? ಅವರನ್ನು ವಾಪಸ್ ಕಳಿಸಿಬಿಡುತ್ತಾರಾ? ಹೆಂಡತಿ ದಿನಾ ಅಂಗಡಿಗೆ ಬಂದು ಅಳ್ತಾರೆ.
– ಹೆಸರು ಬೇಡ, ಡ್ಯಾಂಡಿನಾಂಗ್

ಉತ್ತರ: ಪತ್ರಿಕೆ ಅಚ್ಚಾಗುವಷ್ಟರಲ್ಲಿ ಗಡುವು ಮೀರಬಾರದು ಅಂತ ನಿಮಗೆ ಆಗಲೇ ಮೇಲ್ ಹಾಕಿದ್ದೇನೆ. ಇದು ಉಳಿದ ಓದುಗರಿಗೆ.

ನೀವು ಹೇಳಿದ 12 ತಿಂಗಳ ಗೆರೆ ಸರಿ. ಎಡವಿದ್ದು ಕೂಡುವುದರಲ್ಲಿ. ಕೋರ್ಟು ಒಟ್ಟಿಗೇ ಅನುಭವಿಸಿ ಅಂದರೂ ವಲಸೆ ಕಾಯ್ದೆಯ 501ನೇ ಸೆಕ್ಷನ್ ಎರಡನ್ನೂ ಕೂಡಿಸುತ್ತದೆ. 8ಕ್ಕೆ 6 ಸೇರಿ 14. ಹೀಗೆ ಕೂಡಿ 12 ತಿಂಗಳಾದರೆ ವೀಸಾ ರದ್ದು ಮಾಡುವ ಅಧಿಕಾರ ವಲಸೆ ಇಲಾಖೆಗಿದೆ, ಆದರೆ ಮಾಡಲೇಬೇಕೆಂದಿಲ್ಲ. ಒಂದೇ ಶಿಕ್ಷೆ 12 ತಿಂಗಳು ಅಥವಾ ಹೆಚ್ಚಾಗಿದ್ದು ಆಸಾಮಿ ಜೈಲಿನಲ್ಲಿದ್ದರೆ ಮಾತ್ರ ರದ್ದು ಮಾಡಲೇಬೇಕು. 2014ರ ಡಿಸೆಂಬರ್‌ನಿಂದ ಇದೇ ನಿಯಮ. ನಿರಾಶ್ರಿತರಿಗೂ ವಿನಾಯಿತಿಯಿಲ್ಲ. ಈ ಲೆಕ್ಕ ನನಗಂತೂ ನ್ಯಾಯ ಅನ್ನಿಸಿಲ್ಲ.

ಶ್ರೀಲಂಕಾಕ್ಕೆ ಕಳಿಸುತ್ತಾರಾ? ಅಲ್ಲಿ ಜೀವಕ್ಕೆ ಅಪಾಯವಿದೆ ಅಂತ ಇಲಾಖೆಯೇ ಒಪ್ಪಿದೆ. ಆ ತೀರ್ಮಾನ ನಿಂತಿರುವವರೆಗೆ ಅವರ ಇಷ್ಟವಿಲ್ಲದೆ ಅಲ್ಲಿಗೆ ಕಳಿಸುವಂತಿಲ್ಲ. ಆದರೆ ಶಿಕ್ಷೆ ಮುಗಿದ ದಿನ ಮನೆಗೆ ಹೋಗದೆ ಡಿಟೆನ್ಷನ್‌ಗೆ (ವೀಸಾ ಇಲ್ಲದವರನ್ನು ಕೂಡಿಹಾಕುವ ಕೇಂದ್ರ) ಹೋಗಬೇಕಾದೀತು. ಮೊದಲೆಲ್ಲ ಇಂಥವರು ಅಲ್ಲೇ ವರ್ಷಗಟ್ಟಲೆ ಕೊಳೆಯುತ್ತಿದ್ದರು. 2023ರ ನವೆಂಬರ್‌ನಲ್ಲಿ ರೊಹಿಂಗ್ಯಾ ಒಬ್ಬರ ಕೇಸಿನಲ್ಲಿ ಇಲ್ಲಿನ ಹೈಕೋರ್ಟ್ (ನಮ್ಮ ಸುಪ್ರೀಂ ಕೋರ್ಟ್ ಇದ್ದ ಹಾಗೆ), ಎಲ್ಲಿಗೂ ಕಳಿಸಲಾಗದವರನ್ನು ಹೀಗೆ ಕೂಡಿಹಾಕುವಂತಿಲ್ಲ ಅಂದಿತು. ಸರ್ಕಾರ ಸುಮ್ನೆ ಕೂರಲಿಲ್ಲ. ಇಂಥವರನ್ನು ಸಾಗಿಸಲು 2025ರಲ್ಲಿ ನೌರು ದ್ವೀಪದ ಜೊತೆ ಒಪ್ಪಂದ ಮಾಡಿಕೊಂಡಿತು. ಹಾಗಾಗಿ ಶ್ರೀಲಂಕಾ ಅಲ್ಲ ಅಂದಮಾತ್ರಕ್ಕೆ ನಿಶ್ಚಿಂತೆ ಅಂತ ತಿಳಿಯಬೇಡಿ.

ಈಗ ಮುಖ್ಯ ವಿಷಯ. ಯಾವ ಬಗೆಯ ರದ್ದತಿ ಅಂತ ಕಾಗದದಲ್ಲಿ ಮೊದಲು ನೋಡಿ. ಅಧಿಕಾರಿ ತಮ್ಮ ವಿವೇಚನೆಯಿಂದ ಮಾಡಿದ್ದಾದರೆ 9 ದಿನದೊಳಗೆ ನೇರ ಟ್ರಿಬ್ಯುನಲ್‌ಗೆ (ಇಲಾಖೆಯ ತೀರ್ಮಾನವನ್ನು ಮತ್ತೆ ಪರಿಶೀಲಿಸುವ ಕಡೆ) ಹೋಗಬೇಕು. ಕಡ್ಡಾಯದ ರದ್ದತಿಯಾದರೆ, ಕಾಗದ ಕೈಗೆ ಬಂದ 28 ದಿನದೊಳಗೆ ರದ್ದತಿ ಹಿಂಪಡೆಯಿರಿ ಅಂತ ಬರೆದುಕೊಡಬೇಕು. ಒಂದು ದಿನ ತಡವಾದರೂ ಇಲಾಖೆ ತೆಗೆದುಕೊಳ್ಳುವುದಿಲ್ಲ. ನಾನು ವಕೀಲಿಕೆ ಮಾಡುತ್ತಿದ್ದಾಗ ಒಬ್ಬಾತ ಆ ಲಕೋಟೆಯನ್ನು ಒಡೆಯದೆ ದಿಂಬಿನ ಕೆಳಗಿಟ್ಟುಕೊಂಡಿದ್ದ. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಕೇಳಲು ನಾಚಿಕೆ. ನಾನು ಹೋದಾಗ 31ನೇ ದಿನ.

ಮೊದಲು ಒಂದು ಹಾಳೆಯಲ್ಲಿ ಕೋರಿಕೆ ಹೋಗಲಿ, ದಾಖಲೆ ಆಮೇಲೆ ಸೇರಿಸಬಹುದು. ಹೊಗಳಿಕೆಯ ಸರ್ಟಿಫಿಕೇಟುಗಳಿಂದ ಜಾಸ್ತಿ ಉಪಯೋಗವಿಲ್ಲ. ಜೈಲಿನಲ್ಲಿ ಕುಡಿತ ಬಿಡಿಸುವ ಕೋರ್ಸಿಗೆ ಸೇರಿದ್ದಾರಾ? ಅದರ ಕಾಗದ ಬೇಕು. ಮಕ್ಕಳಿದ್ದರೆ ಟೀಚರ್ ಬರೆದ ಪತ್ರ. ನಿಮ್ಮ ಬೇಕರಿ ಮಾಲೀಕರು ಮತ್ತೆ ಕೆಲಸ ಕೊಡುವುದಾದರೆ ಶಿಫ್ಟು, ಸಂಬಳ ಸಮೇತ ಬರೆದುಕೊಡಲಿ. ಹೊಡೆದಾಟದ ವಿಷಯ ತಿಳಿದೇ ಬರೆಯುತ್ತಿದ್ದೇನೆ ಅನ್ನುವ ಸಾಲು ಅದರಲ್ಲಿರಲಿ.

ಹಿಂಪಡೆಯುವುದಿಲ್ಲ ಅಂತ ಅಧಿಕಾರಿ ಹೇಳಿದರೆ ಟ್ರಿಬ್ಯುನಲ್‌ಗೆ ಹೋಗಬಹುದು. ಅದಕ್ಕೂ ಸಿಗುವುದು ಬರೀ 9 ದಿನ. ವಕೀಲರನ್ನು ಈಗಲೇ ಹಿಡಿದುಕೊಳ್ಳಿ.