ಅಕ್ಕಿ ಕೊಟ್ಟೆವು, ಫೋಟೋ ಬೇಕಿತ್ತಾ?

ಪ್ರಶ್ನೆ: ನೆರೆ ಬಂದಾಗ ನಮ್ಮ ಚರ್ಚಿನಿಂದ ಅಕ್ಕಿ, ಬೇಳೆ ಹಂಚಿದೆವು. ಕೊಡುವಾಗೆಲ್ಲ ಫೋಟೋ ತೆಗೆದು ವಾಟ್ಸ್ಆ್ಯಪ್‌ಗೆ ಹಾಕಿದೆವು. ಒಬ್ಬ ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅದು ಈಗಲೂ ಕಾಡುತ್ತಿದೆ. ನಮ್ಮದು ತಪ್ಪಾ?

ಉತ್ತರ: ಅಕ್ಕಿ ಕೊಟ್ಟದ್ದು ಒಳ್ಳೆಯದೇ. ಫೋಟೋ ತಪ್ಪು. ಬಲಗೈ ಕೊಟ್ಟದ್ದು ಎಡಗೈಗೂ ಗೊತ್ತಾಗಬಾರದು ಅಂತ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲೇ ಇದೆ, ಅಲ್ವಾ? (ಲೆಕ್ಕಕ್ಕೆ ಬೇಕಿದ್ದರೆ ಮೂಟೆಗಳ ಫೋಟೋ ಸಾಕಿತ್ತು.) ಬೆಲ್ಜಿಯಂನ ಪಾದ್ರಿ ಡೇಮಿಯನ್ 1873ರಲ್ಲಿ ಹವಾಯಿಯ ಮೊಲೊಕಾಯ್ ದ್ವೀಪಕ್ಕೆ ಹೋಗಿ ಕುಷ್ಠರೋಗಿಗಳ ಹುಣ್ಣಿಗೆ ಪಟ್ಟಿ ಕಟ್ಟಿದರು, ಮನೆ ಕಟ್ಟಿದರು, ಶವಪೆಟ್ಟಿಗೆ ಮಾಡಿ ಗುಂಡಿಯನ್ನೂ ತೋಡಿದರು, ಅವರ ಜೊತೆಗೇ ಕೂತು ಉಂಡರು, ಕೊನೆಗೆ ಅದೇ ರೋಗ ತಗುಲಿ 1889ರಲ್ಲಿ ತೀರಿಕೊಂಡರು. ನೀವು ಅಷ್ಟೆಲ್ಲ ಮಾಡಬೇಕಿಲ್ಲ. ಮೊದಲು ಆ ಫೋಟೋ ಅಳಿಸಿ. ಆಮೇಲೆ ಸುಮ್ನೆ ಅಜ್ಜಿಯ ಮನೆಗೆ ಹೋಗಿ ಕ್ಷಮೆ ಕೇಳಿ, ಚಹಾ ಕೊಟ್ಟರೆ ಕುಡಿದು ಬನ್ನಿ.