ಶಿರಸಿಯ ಪಿನ್‌ಕೋಡ್ ಅವಿಭಾಜ್ಯ ಸಂಖ್ಯೆಯೇ?

ಪ್ರಶ್ನೆ: ನಮ್ಮೂರು ಶಿರಸಿಯ ಪಿನ್‌ಕೋಡ್ 581401. ಹೈಸ್ಕೂಲಿನಲ್ಲಿ ಓದುವ ಮಗಳು ಅದನ್ನು 2ರಿಂದ 19ರವರೆಗಿನ ಎಲ್ಲ ಸಂಖ್ಯೆಗಳಿಂದ ಭಾಗಿಸಿ ನೋಡಿದಳು. ಒಂದರಿಂದಲೂ ನಿಶ್ಶೇಷವಾಗಿ ಭಾಗವಾಗಲಿಲ್ಲ. ಹೆಚ್ಚಿನ ಕಡೆ 1 ಶೇಷ ಉಳಿಯಿತು. ಕಾರವಾರದ 581301 ಆದರೋ 7ರಿಂದಲೂ 9ರಿಂದಲೂ ಭಾಗವಾಗುತ್ತದೆ. ನಮ್ಮೂರಿನದು ಅವಿಭಾಜ್ಯ ಸಂಖ್ಯೆ ಎನ್ನಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಎನ್ನಲಾಗದು. 581401 = 421 × 1381. ಈ ಎರಡೂ ಅವಿಭಾಜ್ಯ ಸಂಖ್ಯೆಗಳೇ ಆದ್ದರಿಂದ ಬೇರೆ ಅಪವರ್ತನಗಳಿಲ್ಲ. ಒಂದು ಸಂಖ್ಯೆ ಅವಿಭಾಜ್ಯವೆಂದು ಹೇಳಬೇಕಾದರೆ ಅದರ ವರ್ಗಮೂಲದವರೆಗಿನ ಅವಿಭಾಜ್ಯ ಸಂಖ್ಯೆಗಳಿಂದೆಲ್ಲ ಭಾಗಿಸಿ ನೋಡಬೇಕು. ಇಲ್ಲಿ ವರ್ಗಮೂಲ 762ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗೆ ಇರುವ ಅವಿಭಾಜ್ಯ ಸಂಖ್ಯೆಗಳು 135. ಅವುಗಳಲ್ಲಿ 421 ಎಂಬುದು 82ನೆಯದು. ನಿಮ್ಮ ಮಗಳು 19ರವರೆಗೆ, ಅಂದರೆ ಎಂಟನೆಯದರವರೆಗೆ ಮಾತ್ರ ಬಂದಿದ್ದಾಳೆ. ಮತ್ತೆ ಮತ್ತೆ 1 ಶೇಷ ಬಂದದ್ದಕ್ಕೆ ಕಾರಣ, ಹಿಂದಿನ ಸಂಖ್ಯೆ 581400 ಎಂಬುದು 17 × 19 × 1800 ಆಗಿರುವುದು. ಅವಳು ಅದನ್ನು ಗಮನಿಸಿದ್ದು ಮೆಚ್ಚತಕ್ಕದ್ದು.

ಆದರೆ ಈ ಸಂಖ್ಯೆಯಲ್ಲಿ ನನಗೆ ಹೆಚ್ಚು ಸ್ವಾರಸ್ಯಕರವಾಗಿ ಕಾಣುವ ಗುಣ ಬೇರೆಯದು: ಇದನ್ನು ಎರಡು ವರ್ಗಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದು. 300² + 701² ಎಂದರೂ 581401, 720² + 251² ಎಂದರೂ 581401. 4ರಿಂದ ಭಾಗಿಸಿದಾಗ 1 ಶೇಷ ಉಳಿಯುವ ಪ್ರತಿಯೊಂದು ಅವಿಭಾಜ್ಯ ಸಂಖ್ಯೆಯೂ ಎರಡು ವರ್ಗಗಳ ಮೊತ್ತವಾಗಿರುತ್ತದೆ ಎಂದು 17ನೆಯ ಶತಮಾನದಲ್ಲಿ ಫರ್ಮಾ ಹೇಳಿದ್ದನು. ಮುಂದಿನ ಶತಮಾನದಲ್ಲಿ ಆಯ್ಲರ್ ಅದನ್ನು ಸಾಧಿಸಿ ತೋರಿಸಿದನು. 421 = 14² + 15², 1381 = 15² + 34². ಇಂಥ ಎರಡು ಮೊತ್ತಗಳನ್ನು ಗುಣಿಸಿದರೆ ಬರುವ ಲಬ್ಧವೂ ಎರಡು ವರ್ಗಗಳ ಮೊತ್ತವೇ ಆಗುತ್ತದೆಂಬ ಸೂತ್ರಕ್ಕೆ 7ನೆಯ ಶತಮಾನದ ನಮ್ಮ ಬ್ರಹ್ಮಗುಪ್ತನ ಹೆಸರಿದೆ. ಸೂತ್ರದಲ್ಲಿ ಒಂದು ಕಡೆ ಕೂಡಿ ಇನ್ನೊಂದು ಕಡೆ ಕಳೆಯಬೇಕು: 15 × 34 + 14 × 15 = 720, 14 × 34 − 15 × 15 = 251; ಅಥವಾ 15 × 34 − 14 × 15 = 300, 14 × 34 + 15 × 15 = 701. ಯಾವ ಕಡೆ ಕೂಡುತ್ತೇವೆ ಎಂಬುದರ ಮೇಲೆ ಎರಡು ಉತ್ತರಗಳು ಹುಟ್ಟುತ್ತವೆ.

ಆಯ್ಲರ್ ಇದನ್ನು ಹಿಂದುಮುಂದಾಗಿಯೂ ನಡೆಸಿದನು. ಎರಡು ಬಗೆಯ ಬರಹ ಕೈಯಲ್ಲಿದ್ದರೆ, ಅಪವರ್ತನಗಳು ತಾವಾಗಿಯೇ ಹೊರಬರುತ್ತವೆ. ಸಮಸಂಖ್ಯೆಗಳಾದ 720 ಮತ್ತು 300ರ ವ್ಯತ್ಯಾಸ 420. ಬೆಸಸಂಖ್ಯೆಗಳಾದ 701 ಮತ್ತು 251ರ ವ್ಯತ್ಯಾಸ 450. ಇವೆರಡನ್ನೂ ಅವುಗಳ ಮಹತ್ತಮ ಸಾಮಾನ್ಯ ಅಪವರ್ತನವಾದ 30ರಿಂದ ಭಾಗಿಸಿದರೆ 14 ಮತ್ತು 15 ಸಿಗುತ್ತವೆ. ಅವುಗಳ ವರ್ಗಗಳನ್ನು ಕೂಡಿದರೆ 421. ಎಂಬತ್ತೆರಡು ಭಾಗಾಕಾರಗಳ ಶ್ರಮ ಇಲ್ಲಿಲ್ಲ. (ಆ ಎರಡು ಮೊತ್ತಗಳನ್ನು ಮೊದಲು ಹುಡುಕುವ ಶ್ರಮ ಇದ್ದೇ ಇದೆ, ಅದನ್ನು ಮರೆಮಾಚುವುದಿಲ್ಲ.)

ಕಾರವಾರದ ಸಂಖ್ಯೆಗೆ ಈ ಗುಣವಿಲ್ಲ. 581301 = 3² × 7 × 9227; 4ರಿಂದ ಭಾಗಿಸಿದರೆ ಇಡೀ ಸಂಖ್ಯೆಗೆ 1 ಶೇಷ ಬರುತ್ತದೆ ನಿಜ, ಆದರೆ 7 ಮತ್ತು 9227 ಎಂಬ ಅವಿಭಾಜ್ಯಗಳಿಗೆ 3 ಶೇಷ ಬರುತ್ತದೆ ಮತ್ತು ಅವು ಒಂದೊಂದೇ ಬಾರಿ ಬಂದಿವೆ. ಅಂಥ ಅವಿಭಾಜ್ಯವು ಬೆಸ ಬಾರಿ ಬಂದಿದ್ದರೆ ಸಂಖ್ಯೆಯನ್ನು ಎರಡು ವರ್ಗಗಳಾಗಿ ಒಡೆಯಲು ಆಗುವುದಿಲ್ಲ. ಮೂರು ವರ್ಗಗಳಿಗೆ ಅಡ್ಡಿಯಿಲ್ಲ: 581301 = 720² + 249² + 30².