ಯಹೂದಿಗಳ ಹೊಸವರ್ಷ ಸೆಪ್ಟೆಂಬರ್ ಹೊತ್ತಿಗೆ ಬರುತ್ತಲ್ಲ, ಮತ್ತೆ ಮಾರ್ಚ್-ಏಪ್ರಿಲ್ ಹೊತ್ತಿಗೆ ಬರೋ ನಿಸಾನ್ ಅವ್ರ ಮೊದಲನೇ ತಿಂಗಳು ಹೇಗಾಗುತ್ತೆ?

ನಾನು ಶಿವಮೊಗ್ಗ ಕಡೆಯವಳು, ಇಸ್ರೇಲಲ್ಲಿ ಕೇರ್‌ಗಿವರ್ ಕೆಲಸಕ್ಕೆ ಬಂದು ಆರು ವರ್ಷ ಆಯ್ತು. ನಾನು ನೋಡಿಕೊಳ್ಳೋ ಅಜ್ಜಿ (ಸಫ್ತಾ ಅಂತ ಕರೀತೀನಿ, ಇಲ್ಲಿ ಅಜ್ಜಿಗೆ ಹಂಗೇ ಅನ್ನೋದು) ಬಾಗ್ದಾದಲ್ಲಿ ಹುಟ್ಟಿ 1951ರಲ್ಲಿ ಚಿಕ್ಕ ಹುಡುಗಿಯಾಗಿ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದವ್ರು. ಮೊದಲ ವರ್ಷ ನಾನೂ ಅವ್ರಿಗೆ ಇದನ್ನೇ ಕೇಳಿದ್ದೆ.

ಎರಡೂ ಸರಿನೇ. ವರ್ಷದ ಸಂಖ್ಯೆ ಬದಲಾಗೋದು ತಿಶ್ರಿ ತಿಂಗಳಲ್ಲಿ, ಅದೇ ರೋಶ್ ಹಶಾನಾ. ತಿಂಗಳು ಎಣಿಸೋದು ಮಾತ್ರ ನಿಸಾನಿಂದ, ಹಂಗಾಗಿ ತಿಶ್ರಿ ಏಳನೇದಾಗುತ್ತೆ. ನಮ್ಮಲ್ಲೂ ಗೋಡೆ ಕ್ಯಾಲೆಂಡರ್ ಜನವರಿಗೆ, ಪಂಚಾಂಗ ಯುಗಾದಿಗೆ, ಬ್ಯಾಂಕಿನ ಲೆಕ್ಕ ಏಪ್ರಿಲಿಗೆ ಬದಲಾಗಲ್ವಾ ಹಂಗೆ. ಬೈಬಲಿನ ವಿಮೋಚನಕಾಂಡ 12ನೇ ಅಧ್ಯಾಯದಲ್ಲಿ, ಯಹೂದಿಗಳು ಇನ್ನೂ ಈಜಿಪ್ಟಲ್ಲಿ ಗುಲಾಮರಾಗಿದ್ದಾಗ್ಲೇ, ಈ ತಿಂಗಳೇ ನಿಮಗೆ ಮೊದಲನೇದು ಅಂತ ದೇವರು ಅವ್ರ ನಾಯಕ ಮೋಶೆಗೆ ಹೇಳ್ತಾನೆ. "ಗುಲಾಮನಿಗೆ ತನ್ನ ದಿನ ಅಂತಾನೇ ಇರಲ್ಲ, ಅದಕ್ಕೇ ಮೊದಲು ಸಿಕ್ಕಿದ್ದು ಕ್ಯಾಲೆಂಡರು" ಅಂದ್ರು ಸಫ್ತಾ. ಆ ಮಾತು ನಂಗೆ ಇವತ್ತಿಗೂ ಮರೆತಿಲ್ಲ.

ಯಹೂದಿಗಳ ಧರ್ಮಗ್ರಂಥ ತೋರಾದಲ್ಲಿ ಈ ತಿಂಗಳ ಹೆಸರು ಅವೀವ್, ಬಾರ್ಲಿ ತೆನೆ ಬಲಿಯೋ ಕಾಲ. ನಿಸಾನ್ ಅನ್ನೋದು ಬಾಬಿಲೋನಿನ ಹೆಸರು, ಯಹೂದಿಗಳು ಅಲ್ಲಿಗೆ ಸೆರೆ ಹೋಗಿದ್ದಾಗ ಅವ್ರ ಜೊತೆಗೆ ಬಂದಿದ್ದು. ಚಂದ್ರನ ತಿಂಗಳಾದ್ರೂ ಈ ತಿಂಗಳ ಪೆಸಾಖ್ ಹಬ್ಬ (ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿಂದು) ವಸಂತದಲ್ಲೇ ಬರಬೇಕಲ್ಲ, ಅದಕ್ಕೆ 19 ವರ್ಷದಲ್ಲಿ 7 ಸಲ ನಿಸಾನಿಗೆ ಮುಂಚೆ ಅದಾರ್ ತಿಂಗಳನ್ನ ಎರಡು ಮಾಡ್ತಾರೆ, ನಮ್ಮ ಅಧಿಕ ಮಾಸ ಇದ್ದಂಗೆ, ಆದ್ರೆ ನಮ್ಮದು ಬೇರೆ ಬೇರೆ ತಿಂಗಳಲ್ಲಿ ಬರುತ್ತೆ, ಇವ್ರದು ಅದೊಂದೇ ಜಾಗದಲ್ಲಿ. 2024ರ ಏಪ್ರಿಲ್ 9, 2025ರ ಮಾರ್ಚ್ 30, ಎರಡು ವರ್ಷವೂ ಯುಗಾದಿ ದಿನವೇ ನಿಸಾನ್ 1 ಬಿತ್ತು (ಇವ್ರ ದಿನ ಹಿಂದಿನ ಸಂಜೆನೇ ಶುರುವಾಗುತ್ತೆ). ಊರಿಗೆ ಫೋನ್ ಮಾಡಿ ಅಮ್ಮಂಗೆ ಹೇಳ್ದೆ, ಇಲ್ಲೂ ಇವತ್ತೇ ಪಾಡ್ಯ ಅಂತ. ಯಾವಾಗ್ಲೂ ಹಂಗಾಗಲ್ಲ, 2013ರಲ್ಲಿ ಒಂದು ತಿಂಗಳೇ ವ್ಯತ್ಯಾಸ ಇತ್ತು.

ಹುಣ್ಣಿಮೆ ಹೊತ್ತಿಗೆ, ಅಂದ್ರೆ 15ಕ್ಕೆ ಪೆಸಾಖ್, ಕನ್ನಡ ಬೈಬಲಿನ ಪಸ್ಕಹಬ್ಬ. ಇಲ್ಲಿ ಏಳು ದಿನ, ಹೊರದೇಶದಲ್ಲಿ ಹೆಚ್ಚಿನವ್ರು ಎಂಟು ದಿನ ಮಾಡ್ತಾರೆ. ಅಷ್ಟೂ ದಿನ ಹುಳಿ ಬಂದ ಹಿಟ್ಟಿಂದು ಏನೂ ಮನೇಲಿ ಇರಬಾರ್ದು, ಮಟ್ಸಾ ಅನ್ನೋ ರೊಟ್ಟಿಗೂ ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಬೇಯಿಸಿ ಮುಗಿಸ್ಬೇಕು. ಎರಡು ವಾರ ಕ್ಲೀನಿಂಗೇ ಕ್ಲೀನಿಂಗು, ಸೋಫಾ ಸಂದಿ, ಫ್ರಿಜ್ಜಿನ ರಬ್ಬರು, ಅಜ್ಜಿಯ ವೀಲ್‌ಚೇರಿನ ಸೀಟಿನಡಿ ಕೂಡ. ಕೊನೇಗೆ ಹಿಂದಿನ ರಾತ್ರಿ ಮೊಮ್ಮಕ್ಕಳು ಹತ್ತು ಬ್ರೆಡ್ ಚೂರು ಕಾಗದದಲ್ಲಿ ಸುತ್ತಿ ಮೂಲೆಮೂಲೇಲಿ ಇಡ್ತಾರೆ, ಲೈಟ್ ಆರಿಸಿ ಮೇಣದಬತ್ತಿ ಹಿಡ್ಕೊಂಡು ಹುಡುಕ್ತಾರೆ, ಬೆಳಿಗ್ಗೆ ಸುಡ್ತಾರೆ.

ಯುರೋಪ್ ಮೂಲದ ತುಂಬಾ ಮನೆಗಳಲ್ಲಿ ಆ ವಾರ ಅನ್ನನೂ ಇಲ್ಲ. ನಮ್ಮ ಸಫ್ತಾ ಮನೇಲಿ ಇದೆ, ಆದ್ರೆ ಅಕ್ಕಿ ಮೂರು ಸಲ ಆರಿಸ್ಬೇಕು, ಗೋಧಿ ಕಾಳು ಒಂದೂ ಸೇರಿರಬಾರ್ದು. ಬಿಳಿ ಬಟ್ಟೆ ಮೇಲೆ ಅಕ್ಕಿ ಹರವಿ ಇಬ್ಬರೂ ಕೂರ್ತೀವಿ, ಅವ್ರಿಗೆ ಕಣ್ಣು ಸರಿಯಾಗಿ ಕಾಣಲ್ಲ, ಬೆರಳಲ್ಲೇ ಮುಟ್ಟಿ ಮುಟ್ಟಿ ತಳ್ತಾರೆ, ನಂಗೆ ನಮ್ಮಜ್ಜಿ ಮೊರ ಹಿಡ್ಕೊಂಡು ಕೂತಂಗೇ ಕಾಣುತ್ತೆ.

ಹಬ್ಬದ ರಾತ್ರಿ ಊಟಕ್ಕೆ ಮುಂಚೆ ಇರಾಕಿ ಮನೆಗಳಲ್ಲಿ ಒಂದು ಪದ್ಧತಿ ಇದೆ. ಮಗು ಮಟ್ಸಾನ ಬಟ್ಟೇಲಿ ಗಂಟು ಕಟ್ಟಿ ಹೆಗಲಿಗೆ ಹಾಕ್ಕೊಂಡು ಬರುತ್ತೆ. ಎಲ್ಲಿಂದ ಬಂದೆ ಅಂತ ಕೇಳ್ತಾರೆ, ಈಜಿಪ್ಟಿಂದ ಅನ್ನುತ್ತೆ. ಎಲ್ಲಿಗೆ ಹೊರಟೆ ಅಂದ್ರೆ ಜೆರುಸಲೇಮಿಗೆ. ಹೋದ ವರ್ಷ ಮಗುವಿನ ಸರದಿ ಮುಗಿದ್ಮೇಲೆ ಸಫ್ತಾ ಆ ಗಂಟನ್ನ ನನ್ನ ಹೆಗಲಿಗೂ ಹಾಕಿಸಿದ್ರು. ಎಲ್ಲಿಂದ ಬಂದೆ ಅಂತ ಕೇಳಿದ್ರು, ನಾನು ಶಿವಮೊಗ್ಗದಿಂದ ಅಂದೆ.